ಹಿಡಿ ಬದಲಾದ ಬಗೆ

ಗದಗ ಸೀಮೆಯ ಅಸುಂಡಿಯಂಥ ಊರಲ್ಲಿ ಕೊಡಲಿಯ ಕಾವು ಸಡಿಲಾದರೆ ರೈತ ಅಂಗಳದಲ್ಲೇ ಕೂತು ಬೆಣೆ ಬಡಿದು ಬಿಗಿಮಾಡಿಕೊಳ್ಳುತ್ತಾನೆ. ಗಾಲ್ಫ್ ದಾಂಡಿನ ಹಿಡಿಗೂ ಇಂಥದೇ ಕೈಗೆಲಸದ ಚರಿತ್ರೆಯುಂಟು.

ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಆ ಕಾಲದ ದಾಂಡಿಗೆ ಹಿಕರಿ ಮರದ ಕೋಲು. ಕೈ ಹಿಡಿಯುವಲ್ಲಿ ಮೊದಲು ಉಣ್ಣೆಪಟ್ಟಿ, ಅದರ ಮೇಲೆ ಓರೆಯಾಗಿ ಸುತ್ತಿದ ತೊಗಲು, ತುದಿಗಳಿಗೆ ಬಿಗಿದಾರ. ಬೆವರು, ಮಳೆ ತಾಗಿ ತೊಗಲು ನುಣುಪಾಯಿತೆಂದರೆ ಎಲ್ಲವನ್ನೂ ಬಿಚ್ಚಿ ಹೊಸದಾಗಿ ಸುತ್ತಬೇಕು. ಸುತ್ತು ಒಂದಿಷ್ಟು ಉಬ್ಬಿದರೂ ಅಂಗೈಗೆ ಗೊತ್ತಾಗುತ್ತದೆ. ನಿಜಕ್ಕೂ ಗೌರವಿಸಬೇಕಾದ ಕುಶಲತೆ ಅದು.

1929ರಲ್ಲಿ ಸೇಂಟ್ ಆಂಡ್ರ್ಯೂಸ್‌ನ ನಿಯಮಕರ್ತರು ಉಕ್ಕಿನ ಕೋಲನ್ನು ಒಪ್ಪಿದರು. ಆದರೆ ದೊಡ್ಡ ತಿರುವು 1950ರ ದಶಕದ್ದು: ತೊಗಲಿನ ಜಾಗಕ್ಕೆ ಕೊಳವೆಯಂತೆ ತೂರಿಸುವ ರಬ್ಬರ್ ಹಿಡಿ ಬಂತು. ಕುಶಲಕರ್ಮಿಯ ಕೆಲಸ ಮನೆಯ ಕೆಲಸವಾಯಿತು.

ಈಗಿನ ಕ್ರಮ ಸರಳ. ಕೊಕ್ಕೆ ಅಲಗಿನಿಂದ ಹಳೆಯ ಹಿಡಿ ಸೀಳಿ, ಅಂಟು ಕೆರೆದು, ಎರಡೂ ಬದಿ ಅಂಟುವ ಟೇಪ್ ಸುತ್ತಬೇಕು. ಹಿಡಿಯೊಳಗೂ ಟೇಪಿನ ಮೇಲೂ ದ್ರಾವಕ ಸುರಿದು ಒಂದೇ ನೂಕಿಗೆ ತೂರಿಸಿ, ಒಣಗುವ ಮುನ್ನ ನೇರಮಾಡಬೇಕು. ದ್ರಾವಕಕ್ಕೆ ಬೆಂಕಿ ಬೇಗ ಹತ್ತುತ್ತದೆ. ಒಲೆಯಿಂದ ದೂರ, ಗಾಳಿಯಾಡುವ ಜಗಲಿಯಲ್ಲಿ ಈ ಕೆಲಸ ಮಾಡಿ.