ಮಚಾಕೋಸಿನ ಒಡ್ಡುಗಳು: ಆಜ್ಞೆ, ಒಪ್ಪಿಗೆ ಮತ್ತು ಸ್ಥಳೀಯ ಮುಂದಾಳುತನ

ನಾನು ಜತ್ ತಾಲ್ಲೂಕಿನವಳು, ಕನ್ನಡ ಎಂ.ಎ. ವಿದ್ಯಾರ್ಥಿನಿ. ಗಡಿ ಕನ್ನಡಿಗರ ಗೋಷ್ಠಿಯಲ್ಲಿ ಕೀನ್ಯಾದ ಮಾತು ಯಾಕೆ ಅಂತ ನೀವು ಕೇಳಬಹುದು. ಒಡ್ಡು ಹಾಕದಿದ್ದರೆ ಮಣ್ಣೂ ಇಲ್ಲ, ಬೆಳೆಯೂ ಇಲ್ಲ ಅನ್ನೋ ಊರಿಂದ ಬಂದವಳಿಗೆ ಮಚಾಕೋಸ್ ಜಿಲ್ಲೆಯ ಚರಿತ್ರೆ ದೂರದ್ದು ಅನಿಸಲಿಲ್ಲ.

ಮಚಾಕೋಸ್ ನೈರೋಬಿಯ ಆಗ್ನೇಯಕ್ಕಿದೆ. ಗುಡ್ಡ ಮತ್ತು ಒಣ ಬಯಲಿನ ಸೀಮೆ, ಕಾಂಬಾ ಜನರ ನಾಡು. ಕಾಂಬಾ ಜನರಲ್ಲಿ ಮೊದಲು ಅರಸರಿರಲಿಲ್ಲ. ಹಿರಿಯರು ಕೂಡಿ ತೀರ್ಮಾನ ಮಾಡುತ್ತಿದ್ದರು. ಬ್ರಿಟಿಷರು ತಾವೇ 'ಚೀಫ್'ಗಳನ್ನು ನೇಮಿಸಿದರು. 1920ರ ದಶಕದಲ್ಲಿ ಸ್ಥಳೀಯ ಮಂಡಳಿಯೂ ಬಂತು, ಆದರೆ ಅದರ ಅಧ್ಯಕ್ಷ ಬ್ರಿಟಿಷ್ ಜಿಲ್ಲಾಧಿಕಾರಿಯೇ. ಒಳ್ಳೆಯ ಭೂಮಿಯಲ್ಲಿ ಬಹುಪಾಲು ಬಿಳಿಯ ವಲಸಿಗರ ಪಾಲಾಯಿತು. ಉಳಿದ 'ರಿಸರ್ವ್'ನಲ್ಲಿ ಜನ, ದನ ಇಕ್ಕಟ್ಟಾಗಿ ಮಣ್ಣು ಕೊಚ್ಚಿಹೋಗತೊಡಗಿತು.

ಸರ್ಕಾರ ಕಂಡುಕೊಂಡ ಪರಿಹಾರ, ದನ ಕಡಿಮೆ ಮಾಡುವುದು. 1938ರಲ್ಲಿ ದನಗಳನ್ನು ಬಲವಂತವಾಗಿ ಹಿಡಿದು ಅಗ್ಗಕ್ಕೆ ಮಾರಿಸಿದರು. ಆಗ ಮುಇಂದಿ ಎಂಬಿಂಗು ಎಂಬ ಮುಂದಾಳಿನ ಹಿಂದೆ ಸಾವಿರಾರು ಮಂದಿ, ಹೆಂಗಸರು ಮಕ್ಕಳು ಸಮೇತ, ನೈರೋಬಿಗೆ ಹೋಗಿ ಗವರ್ನರ್ ಬಂದು ನಮ್ಮ ಮಾತು ಕೇಳಲಿ ಅಂತ ವಾರಗಟ್ಟಲೆ ಕೂತರು. ಮುಇಂದಿಯನ್ನು ಗಡೀಪಾರು ಮಾಡಿ ಲಾಮು ದ್ವೀಪಕ್ಕೆ ಕಳಿಸಿದರು. ಆದರೆ ಆ ವರ್ಷ ಮುಗಿಯುವುದರೊಳಗೆ ಬಲವಂತದ ಮಾರಾಟವೂ ನಿಂತಿತು.

ಎರಡನೇ ಮಹಾಯುದ್ಧದ ನಂತರ ಬಂದದ್ದು ಕಡ್ಡಾಯದ ಒಡ್ಡು. ಚೀಫ್ ಹೇಳಿದ ದಿನ ಹೋಗಿ ಅಗೆಯಬೇಕು. ಇಂಥ ಒಡ್ಡುಗಳು ಎಷ್ಟೋ ಕಡೆ ಬಾಳಲಿಲ್ಲ. 1950ರ ದಶಕದಲ್ಲಿ ಎರಡು ಬದಲಾವಣೆ ಆದವು. ಒಂದು, 'ಮ್ವೆಥ್ಯಾ' ಎಂಬ ಹಳೆಯ ಪದ್ಧತಿ ಹೊಸ ರೂಪದಲ್ಲಿ ಬಂತು. ನಮ್ಮ ಕಡೆ ಮುಯ್ಯಾಳು ಅಂತೀವಲ್ಲ, ಹಾಗೇ. ಇವತ್ತು ನಿನ್ನ ಹೊಲ, ನಾಳೆ ನನ್ನದು. ಗುಂಪಿನ ಮುಖ್ಯಸ್ಥರನ್ನು ಜನರೇ ಆರಿಸಿದರು. ಗಂಡಸರು ದುಡಿಯಲು ಪಟ್ಟಣಕ್ಕೆ ಹೋಗಿದ್ದರಿಂದ ಕೆಲಸವೂ ಮುಂದಾಳುತನವೂ ಬಹಳ ಕಡೆ ಹೆಂಗಸರ ಕೈಗೆ ಬಂತು. ಇನ್ನೊಂದು, 'ಫಾನ್ಯಾ ಜುವು' ಒಡ್ಡು. ಸ್ವಾಹಿಲಿಯಲ್ಲಿ 'ಮೇಲಕ್ಕೆ ಮಾಡು' ಅಂತ ಅರ್ಥ. ಕಾಲುವೆ ತೋಡಿ ಮಣ್ಣನ್ನು ಇಳಿಜಾರಿನ ಮೇಲ್ಬದಿಗೆ ಎಸೆಯುವುದು. ಶ್ರಮ ಹೆಚ್ಚು, ಆದರೆ ಬರಬರುತ್ತಾ ಹೊಲ ಮಟ್ಟಸವಾಗುತ್ತದೆ, ನೀರು ನಿಲ್ಲುತ್ತದೆ. ಕಾಫಿ, ತರಕಾರಿಗೆ ಬೆಲೆ ಸಿಕ್ಕಿದ್ದರಿಂದ ಈ ಶ್ರಮಕ್ಕೆ ಅರ್ಥ ಬಂತು.

ಟಿಫನ್, ಮಾರ್ಟಿಮೋರ್, ಗಿಚುಕಿ ಎಂಬ ಮೂವರು ಸಂಶೋಧಕರು 1994ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಲೆಕ್ಕ ಕೊಡುತ್ತದೆ. 1930ರ ದಶಕದಲ್ಲಿ ಸುಮಾರು 2.4 ಲಕ್ಷ ಇದ್ದ ಜನಸಂಖ್ಯೆ 1990ರ ಹೊತ್ತಿಗೆ ಸುಮಾರು 14 ಲಕ್ಷವಾಗಿತ್ತು. ಆದರೂ ಮಣ್ಣಿನ ಸವಕಳಿ ಕಡಿಮೆಯಾಗಿತ್ತು, ತಲಾ ಬೆಳೆಯ ಮೌಲ್ಯ ಹೆಚ್ಚಿತ್ತು. ಈ ಏಳಿಗೆ ಎಲ್ಲ ಮನೆಗೂ ಸಮನಾಗಿ ಮುಟ್ಟಲಿಲ್ಲ, ಪಟ್ಟಣದ ಸಂಬಳ ಇದ್ದವರು ಮುಂದೆ ಹೋದರು ಎಂಬ ಟೀಕೆಯೂ ಇದೆ, ಅದನ್ನು ಮರೆಯಬಾರದು.

2010ರ ಸಂವಿಧಾನದ ಪ್ರಕಾರ ಕೀನ್ಯಾದಲ್ಲಿ 47 ಕೌಂಟಿಗಳಾದವು. 2013ರಿಂದ ಮಚಾಕೋಸಿಗೆ ಜನರೇ ಆರಿಸಿದ ಗವರ್ನರ್ ಇದ್ದಾರೆ. 1938ರಲ್ಲಿ ಗವರ್ನರ್ ಮುಖ ನೋಡಲು ವಾರಗಟ್ಟಲೆ ಕೂತವರ ಮೊಮ್ಮಕ್ಕಳು ಈಗ ಗವರ್ನರನನ್ನು ಆರಿಸುತ್ತಾರೆ.

ನಮ್ಮೂರಲ್ಲಿ ಗ್ರಾಮಸಭೆಯ ನೋಟಿಸು ಮರಾಠಿಯಲ್ಲಿ ಬರುತ್ತೆ. ನಮ್ಮಜ್ಜಿ ಅದನ್ನ ನನ್ನ ಕೈಲಿ ಓದಿಸಿ, 'ಹೇಳಾಕ ಕರದಾರೋ, ಕೇಳಾಕ ಕರದಾರೋ?' ಅಂತ ಕೇಳುತ್ತಿದ್ದಳು. ಮಚಾಕೋಸಿನ ಚರಿತ್ರೆಯನ್ನು ನಾನು ಓದಿದ್ದು ಆ ಪ್ರಶ್ನೆ ಇಟ್ಟುಕೊಂಡೇ.