ವೈಟ್‌ಫೀಲ್ಡಿನ ಸಾಲ್ಸಾದ ವಂಶಾವಳಿ

ವೈಟ್‌ಫೀಲ್ಡ್ ಎಂದರೆ ಇವತ್ತು ಕಣ್ಣಮುಂದೆ ಬರುವುದು ಐಟಿಪಿಎಲ್ಲಿನ ಗಾಜಿನ ಗೋಡೆಗಳು, ಹೋಪ್ ಫಾರ್ಮ್ ಸಿಗ್ನಲ್ಲಿನ ಟ್ರಾಫಿಕ್ಕು. ಅಲ್ಲೊಂದು ಕಟ್ಟಡದ ಮೇಲೆ ಸಾಲ್ಸಾ ಕ್ಲಾಸಿನ ಬೋರ್ಡು ಕಂಡರೆ, ಸಾಫ್ಟ್‌ವೇರ್ ಸಂಬಳದ ಬೆನ್ನಿಗೆ ಬಂದ ಶೋಕಿ ಇದು ಎಂದುಕೊಳ್ಳುವವರೇ ಹೆಚ್ಚು. ಅದು ಅರ್ಧ ಮಾತ್ರ ನಿಜ. 1882ರಲ್ಲಿ ಹತ್ತನೇ ಚಾಮರಾಜ ಒಡೆಯರು ಸುಮಾರು 3,900 ಎಕರೆ ಜಮೀನನ್ನು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಕೊಟ್ಟಾಗ ಹುಟ್ಟಿದ ಊರು ಇದು. ಸಂಘದ ಮುಂದಾಳು ಡಿ.ಎಸ್. ವೈಟ್ ಅವರ ಹೆಸರೇ ಊರಿಗೂ ಬಂತು. ಬೇಸಾಯಕ್ಕೆಂದು ಕಟ್ಟಿಕೊಂಡ ಆ ವಸಾಹತಿನ ಸಮುದಾಯಕ್ಕೆ ಜೋಡಿ ನೃತ್ಯ ಯಾರೋ ಕಲಿಸಬೇಕಾದ ವಿದ್ಯೆಯಾಗಿರಲಿಲ್ಲ. ಮದುವೆ, ಕ್ರಿಸ್‌ಮಸ್, ಹೊಸ ವರ್ಷ ಎಂದರೆ ವಾಲ್ಟ್ಸ್, ಫಾಕ್ಸ್‌ಟ್ರಾಟ್ ಇರಲೇಬೇಕು.

ದಂಡುಪ್ರದೇಶದಲ್ಲೂ ಅದೇ ಕಥೆ. ಬೆಂಗಳೂರು ಕ್ಲಬ್ಬು, ಬೌರಿಂಗ್ ಇನ್‌ಸ್ಟಿಟ್ಯೂಟು ಎರಡೂ 1868ರವು; ಅತ್ತ ಕೋಲಾರ ಚಿನ್ನದ ಗಣಿಯಲ್ಲಿ ಗಣಿ ಅಧಿಕಾರಿಗಳ ಕ್ಲಬ್ಬು. ಮಕ್ಕಳು ದೊಡ್ಡವರು ಕುಣಿಯುವುದನ್ನು ನೋಡಿ ನೋಡಿಯೇ ಕಲಿಯುತ್ತಿದ್ದರು. 1947ರ ನಂತರ ಆಂಗ್ಲೋ ಇಂಡಿಯನ್ ಕುಟುಂಬಗಳು ಒಂದೊಂದಾಗಿ ಇಂಗ್ಲೆಂಡು, ಆಸ್ಟ್ರೇಲಿಯಾ, ಕೆನಡಾಗಳಿಗೆ ಹೊರಟವು. ಅವರ ಜತೆ ಆ ಕಲಿಕೆಯ ದಾರಿಯೂ ಬಹುಪಾಲು ಹೊರಟುಹೋಯಿತು.

ಅದೇ ಹೊತ್ತಿಗೆ, ಸಾಲ್ಸಾದ ಬೇರಿರುವ ಕ್ಯೂಬಾದ ನೃತ್ಯ ಬೇರೊಂದು ಪ್ರಯಾಣಕ್ಕೆ ಸಿದ್ಧವಾಗುತ್ತಿತ್ತು. ಅದರ ಕಥೆ ಇನ್ನೂ ಹಿಂದಿನದು. ಮತಾಂಸಾಸ್ ಪಟ್ಟಣದಲ್ಲಿ 1879ರ ಜನವರಿ 1ರಂದು ಮಿಗೆಲ್ ಫಾಯಿಲ್ದೆ ತನ್ನ ದಾನ್ಸೋನ್ ನುಡಿಸಿದ. ಐರೋಪ್ಯ ಜೋಡಿ ನೃತ್ಯಕ್ಕೆ ಆಫ್ರಿಕಾದ ತಾಳ ಸೇರಿಕೊಂಡ ಸಂಗೀತ ಅದು. ಆ ದಾನ್ಸೋನಿನ ಮನೆತನದಲ್ಲೇ 1950ರ ಸುಮಾರಿಗೆ ಎನ್ರಿಕೆ ಹೊರ್ರಿನ್ ಎಂಬ ಪಿಟೀಲುಗಾರ ಚಾ-ಚಾ-ಚಾ ರೂಪಿಸಿದ. ಲಂಡನ್ನಿನಲ್ಲಿ ನೃತ್ಯ ಕಲಿಸುತ್ತಿದ್ದ ಮೊಸ್ಯೂ ಪಿಯೇರ್ 1947ರಲ್ಲಿ ಹವಾನಾಕ್ಕೆ ಹೋದಾಗ, ತಾನು ಇಷ್ಟು ದಿನ ರುಂಬಾ ಎಂದು ಹೇಳಿಕೊಟ್ಟದ್ದಕ್ಕೂ ಅಲ್ಲಿನವರು ಕುಣಿಯುವುದಕ್ಕೂ ತಾಳೆಯೇ ಆಗುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. ಪೆಪೆ ರಿವೇರಾ ಎಂಬ ಹವಾನಾದ ನರ್ತಕನಿಂದ ಹೊಸದಾಗಿ ಕಲಿತು ಬಂದ. ಇಂಗ್ಲೆಂಡಿನ ಮಾಸ್ತರುಗಳ ನಡುವೆ ಇದು ವರ್ಷಗಟ್ಟಲೆ ಜಗಳಕ್ಕೆ ಕಾರಣವಾಯಿತು. ಕೊನೆಗೆ ಗೆದ್ದದ್ದು ಪಿಯೇರನ ಪಕ್ಷವೇ. ಇವತ್ತು ಸ್ಪರ್ಧೆಗಳಲ್ಲಿ ಕಾಣುವ ಐದು ಲ್ಯಾಟಿನ್ ನೃತ್ಯಗಳಲ್ಲಿ ರುಂಬಾ, ಚಾ-ಚಾ-ಚಾ ಎರಡೂ ಹೀಗೆ ಲಂಡನ್ನಿನ ಪಠ್ಯಪುಸ್ತಕಕ್ಕೆ ಸೇರಿದ ಕ್ಯೂಬಾದ ನೃತ್ಯಗಳು. ಸಾಲ್ಸಾದ ದಾರಿ ಬೇರೆ. ಕ್ಯೂಬಾದ ಸೋನ್, ಮ್ಯಾಂಬೊಗಳು ನ್ಯೂಯಾರ್ಕಿನ ಪೋರ್ಟೊರಿಕೊ ವಲಸಿಗರ ಕೈಗೆ ಸಿಕ್ಕು, 1964ರಲ್ಲಿ ಶುರುವಾದ ಫಾನಿಯಾ ರೆಕಾರ್ಡ್ಸ್ ಮೂಲಕ ಜಗತ್ತಿಗೆಲ್ಲ ಹಬ್ಬಿದ ಹೆಸರು ಅದು.

ಆ ಕಾಲದಲ್ಲಿ ಬೆಂಗಳೂರಿನ ನೃತ್ಯದ ಕಣ್ಣು ನೆಟ್ಟಿದ್ದು ರಂಗದ ಮೇಲೆ. ಬೆಂಗಳೂರಿನಲ್ಲಿ 1912ರಲ್ಲಿ ಹುಟ್ಟಿದ ರಾಮ್ ಗೋಪಾಲ್, ಅಮೆರಿಕದ ನರ್ತಕಿ ಲಾ ಮೆರಿ ಜತೆ 1930ರ ದಶಕದಲ್ಲಿ ಪ್ರವಾಸ ಹೊರಟು, ಲಂಡನ್ನಿನಲ್ಲಿ ಹೆಸರು ಮಾಡಿದರು. 1960ರಲ್ಲಿ ಬ್ಯಾಲೆ ತಾರೆ ಅಲಿಸಿಯಾ ಮಾರ್ಕೋವಾ ಜತೆ ರಾಧಾ-ಕೃಷ್ಣ ಪ್ರದರ್ಶಿಸಿದರು. ಬ್ಯಾಲೆ ನರ್ತಕಿ ರಾಧೆ, ಬೆಂಗಳೂರಿನ ಹುಡುಗ ಕೃಷ್ಣ: ಆ ಜೋಡಿಯನ್ನು ಈಗ ನೆನೆದರೂ ಧೈರ್ಯ ಮೆಚ್ಚಬೇಕೆನಿಸುತ್ತದೆ.

ಆದರೆ ನೃತ್ಯ ಸಂಯೋಜನೆ ಎಂಬುದನ್ನೇ ಒಂದು ಕಸುಬಾಗಿ, ಕಾಲೇಜಿನ ವಿಷಯವಾಗಿ ನಿಲ್ಲಿಸಿದ್ದು ಮಾಯಾ ರಾವ್. ಮಲ್ಲೇಶ್ವರದಲ್ಲಿ ಬೆಳೆದವರು, ಕಥಕ್ ಕಲಿಯಲು ಶಂಭು ಮಹಾರಾಜರ ಬಳಿ ದೆಹಲಿಗೆ ಹೋದವರು. 1960ರಲ್ಲಿ ವಿದ್ಯಾರ್ಥಿವೇತನದ ಮೇಲೆ ಮಾಸ್ಕೋ ಸೇರಿ ಕೊರಿಯಾಗ್ರಫಿಯನ್ನು ಶಾಸ್ತ್ರೋಕ್ತವಾಗಿ ಓದಿ, 1964ರಲ್ಲಿ ಹಿಂತಿರುಗಿದರು. ಕಮಲಾದೇವಿ ಚಟ್ಟೋಪಾಧ್ಯಾಯರ ಬೆಂಬಲದಿಂದ ದೆಹಲಿಯಲ್ಲಿ ಶಾಲೆ ಶುರುವಾಯಿತು. ರಾಮಕೃಷ್ಣ ಹೆಗಡೆಯವರ ಕರೆಯ ಮೇಲೆ 1987ರಲ್ಲಿ ಅದು ಬೆಂಗಳೂರಿಗೆ ಬಂತು. ಹೆಜ್ಜೆ ಚೆನ್ನಾಗಿ ಹಾಕುವವನಿಗೂ, ಇಪ್ಪತ್ತು ಜನರ ಹೆಜ್ಜೆಯನ್ನು ರಂಗದ ಮೇಲೆ ಹೊಂದಿಸುವವನಿಗೂ ಬೇರೆ ಬೇರೆ ತರಬೇತಿ ಬೇಕು ಎಂಬ ಅವರ ಹಟ ಆಗ ಹಲವರಿಗೆ ಅರ್ಥವಾಗಿರಲಿಲ್ಲ. ಅವರ ಮಗಳು ಮಧು ನಟರಾಜ್ 1995ರಲ್ಲಿ ನಾಟ್ಯ ಸ್ಟೆಮ್ ಡ್ಯಾನ್ಸ್ ಕಂಪನಿ ಕಟ್ಟಿದರು. ಜಯಚಂದ್ರನ್ ಪಾಲಾಳಿ ಅವರ ಆಟ್ಟಕ್ಕಲರಿ, ಮಯೂರಿ ಉಪಾಧ್ಯ ಅವರ ನೃತರುತ್ಯ ಹುಟ್ಟಿದ್ದೂ ಅದೇ ದಶಕದ ಆಸುಪಾಸಿನಲ್ಲಿ. ಪೀಣ್ಯದ ಕಾರ್ಖಾನೆಗಳನ್ನು ದಾಟಿ ಹೋದರೆ ಸಿಗುವ ಹೆಸರಘಟ್ಟದಲ್ಲಿ ಪ್ರೊತಿಮಾ ಬೇಡಿ 1990ರಲ್ಲಿ ನೃತ್ಯಗ್ರಾಮ ಕಟ್ಟಿ ಒಡಿಸ್ಸಿಗೆ ಊರನ್ನೇ ಕೊಟ್ಟಿದ್ದರು.

ಕ್ಲಬ್ಬಿನ ಜೋಡಿ ನೃತ್ಯ, ರಂಗದ ಸಂಯೋಜನೆ ಹೀಗೆ ಒಂದೇ ಊರಿನಲ್ಲಿದ್ದೂ ಒಂದರ ಮುಖ ಒಂದು ನೋಡಿರಲಿಲ್ಲ. ಅವು ಭೇಟಿಯಾದದ್ದು ನಗರದ ಹೊರವಲಯದ ಸಂಬಳದಿಂದ. ಕಿಯೋನಿಕ್ಸ್ 1970ರ ದಶಕದ ಕೊನೆಗೆ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಿತು, 1998ರಲ್ಲಿ ಐಟಿಪಿಎಲ್ ಬಾಗಿಲು ತೆರೆಯಿತು. ಬೇರೆ ಬೇರೆ ರಾಜ್ಯಗಳಿಂದ ಬಂದ, ಇಲ್ಲಿ ನೆಂಟರಿಷ್ಟರಿಲ್ಲದ ಹುಡುಗ ಹುಡುಗಿಯರಿಗೆ ಸಂಜೆಗೊಂದು ಜಾಗ ಬೇಕಿತ್ತು. 2000ದ ದಶಕದಲ್ಲಿ ಲೂರ್ಡ್ ವಿಜಯ್ ಅವರ ಸ್ಟುಡಿಯೊ ಬೆಂಗಳೂರಿನಲ್ಲಿ ಸಾಲ್ಸಾವನ್ನು ಬ್ಯಾಚು, ಲೆವೆಲ್ಲು, ಫೀಸುಗಳ ವ್ಯವಸ್ಥೆಗೆ ತಂದಿತು. ಸ್ಪರ್ಧೆ, ಸ್ಟೇಜ್ ಶೋ, ಕಂಪನಿಗಳ ಆನ್ಯುಯಲ್ ಡೇಗೆ ತಂಡ ತಯಾರಿಸುವುದು ಇವೆಲ್ಲ ಇಂಥ ಸ್ಟುಡಿಯೊಗಳ ಕಸುಬಾದವು.

ಮೊದಲ ದಿನದ ಪಾಠ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಎಂಟು ಎಣಿಕೆಯಲ್ಲಿ ಒಂದು-ಎರಡು-ಮೂರು, ಐದು-ಆರು-ಏಳು ಹೆಜ್ಜೆ. ನಾಲ್ಕು, ಎಂಟರಲ್ಲಿ ಬಿಡುವು. ಲೀಡ್ ಮಾಡುವವರು ಎಡಗಾಲು ಮುಂದಿಟ್ಟರೆ ಫಾಲೋ ಮಾಡುವವರು ಬಲಗಾಲು ಹಿಂದಿಡಬೇಕು. ಹೊಸಬರು ಸೊಂಟ ಆಡಿಸಲು ಹೋಗಿ ಭುಜ ಆಡಿಸುತ್ತಾರೆ. ಸೊಂಟವನ್ನು ಬೇಕೆಂದು ಆಡಿಸುವುದೇ ತಪ್ಪು. ಮಡಿಸಿದ ಮಂಡಿಯ ಮೇಲೆ ಭಾರ ಬಿಟ್ಟು ನಿಧಾನಕ್ಕೆ ನೆಟ್ಟಗೆ ಮಾಡಿದರೆ ಸೊಂಟ ತಾನಾಗಿ ಸರಿಯುತ್ತದೆ. ಹವಾನಾದ ಕಾಸಿನೋ ಶೈಲಿಯಲ್ಲಿ ಜೋಡಿಗಳೆಲ್ಲ ವೃತ್ತವಾಗಿ ನಿಂತು, ಒಬ್ಬರು ‘ದಾಮೆ’ ಎಂದು ಕೂಗಿದ ಕೂಡಲೇ ಜೋಡಿ ಬದಲಿಸುತ್ತಾರೆ. ಕೋಲಾಟದ ಸುತ್ತು ಕಂಡವರಿಗೆ ಇದರ ಲೆಕ್ಕ ಬೇಗ ಹತ್ತುತ್ತದೆ.

ಕಲಿತದ್ದನ್ನು ಕುಣಿಯುವುದೆಲ್ಲಿ ಎಂಬುದು ಬೇರೆ ಪ್ರಶ್ನೆ. ಬೆಂಗಳೂರಿನಲ್ಲಿ 2005ರ ಆದೇಶ ಲೈವ್ ಬ್ಯಾಂಡು, ಡಿಸ್ಕೊಗಳಿಗೆ ಪೊಲೀಸ್ ಪರವಾನಗಿ ಕಡ್ಡಾಯ ಮಾಡಿತು. ಮುಂದಿನ ವರ್ಷಗಳಲ್ಲಿ ಪಬ್ಬುಗಳಲ್ಲಿ ಕುಣಿಯುವುದೇ ಕಷ್ಟವಾಯಿತು; 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆದೇಶವನ್ನು ಎತ್ತಿಹಿಡಿಯಿತು. ಹವಾನಾದಲ್ಲಿ ನೃತ್ಯ ಬೆಳೆದದ್ದು ಬೀದಿಯಲ್ಲಿ, ಸಭಾಂಗಣದಲ್ಲಿ. ಇಲ್ಲಿ ಅದು ಬೆಳೆದದ್ದು ಕನ್ನಡಿ ಹಾಕಿದ ಕೋಣೆಯಲ್ಲಿ. ಅದರ ಗುರುತು ನರ್ತಕರ ಮೈಮೇಲೆ ಕಾಣುತ್ತದೆ: ತಿರುವುಗಳು ಅಚ್ಚುಕಟ್ಟು, ಸ್ಪರ್ಧೆಗೆ ಸದಾ ಸಿದ್ಧ, ಆದರೆ ಪರಿಚಯವಿಲ್ಲದವರ ಜತೆ, ಗೊತ್ತಿಲ್ಲದ ಹಾಡಿಗೆ ಸಲೀಸಾಗಿ ಕುಣಿಯುವವರು ಕಡಿಮೆ. ವಾರಾಂತ್ಯದ ‘ಸೋಷಿಯಲ್’ಗಳು ಈ ಕೊರತೆಯನ್ನು ಸ್ವಲ್ಪ ತುಂಬುತ್ತಿವೆ. ಅಲ್ಲೂ ಈಗ ಡೊಮಿನಿಕನ್ ಗಣರಾಜ್ಯದ ಬಚಾತಾ, ಅಂಗೋಲಾದ ಕಿಜೊಂಬಾ ಸಾಲ್ಸಾದ ಪಾಲನ್ನು ಕಿತ್ತುಕೊಳ್ಳುತ್ತಿವೆ.

ಜೋಡಿ ನೃತ್ಯ, ರಂಗದ ಸಂಯೋಜನೆ ಎಂಬ ಎರಡು ದಾರಿಗಳನ್ನು ಕನ್ನಡ ಟಿವಿ ಸಲೀಸಾಗಿ ಬೆಸೆಯಿತು: ಈಟಿವಿ ಕನ್ನಡದ ‘ಡ್ಯಾನ್ಸಿಂಗ್ ಸ್ಟಾರ್’ನಲ್ಲಿ ಜೋಡಿಗಳು ಕುಣಿದವು, ತೀರ್ಪುಗಾರರ ಕುರ್ಚಿಯಲ್ಲಿ ಮಯೂರಿ ಉಪಾಧ್ಯ ಕೂತಿದ್ದರು. ವೈಟ್‌ಫೀಲ್ಡಿನ ಮಗ್ಗುಲಲ್ಲಿ 2011ರಲ್ಲಿ ಜಾಗೃತಿ ರಂಗಮಂದಿರ ಬಂತು. 2023ರ ಮಾರ್ಚಿನಲ್ಲಿ ಮೆಟ್ರೊ ಕಾಡುಗೋಡಿ ಮುಟ್ಟಿತು. ಕೆಲಸ ಮುಗಿಸಿದವರು ಸಂಜೆಯ ಬ್ಯಾಚಿಗೆ ಹೊತ್ತಿಗೆ ಸರಿಯಾಗಿ ತಲುಪುವುದು ಈಗ ಒಂದಿಷ್ಟು ಸುಲಭ. ಪೀಣ್ಯದ ಕಡೆ ಚಿತ್ರ ಬೇರೆಯೇ. ಶಿಫ್ಟಿನ ಲೆಕ್ಕದಲ್ಲಿ ದುಡಿಯುವವರಿಗೆ ವಾರಕ್ಕೆ ಮೂರು ಸಂಜೆಯ ಬ್ಯಾಚು ಹೊಂದುವುದಿಲ್ಲ. ಅಲ್ಲಿ ನೃತ್ಯ ಎಂದರೆ ಗಣೇಶೋತ್ಸವ, ನವೆಂಬರಿನ ರಾಜ್ಯೋತ್ಸವ, ಆರ್ಕೆಸ್ಟ್ರಾ ಮತ್ತು ಸಿನಿಮಾ ಹಾಡು. ಕಲಿಸುವುದು ಹಿಂದಿನ ವರ್ಷ ಚೆನ್ನಾಗಿ ಕುಣಿದ ಹುಡುಗ.