ಕೊಸರಿನ ಕಥೆ: ಹಸಿರು ಚೀಟಿಯಿಂದ ರಿವಾರ್ಡ್ ಪಾಯಿಂಟ್‌ವರೆಗೆ

ಮೊನ್ನೆ ಮೊನ್ನೆಯವರೆಗೂ ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಶೀಟ್ ಇತ್ತು. ನಾಲ್ಕು ಕ್ರೆಡಿಟ್ ಕಾರ್ಡು, ಒಂದೊಂದಕ್ಕೂ ಒಂದು ಕಾಲಂ. ಪೆಟ್ರೋಲಿಗೆ ಯಾವ ಕಾರ್ಡು, ದಿನಸಿಗೆ ಯಾವುದು, ಬಸ್ ಟಿಕೆಟ್ಟಿಗೆ ಯಾವುದು, ಎಲ್ಲಿ ಎಷ್ಟು ಪಾಯಿಂಟ್ ಬರುತ್ತದೆ ಅಂತ ಫಾರ್ಮುಲಾ ಹಾಕಿ ಇಟ್ಟಿದ್ದೆ. ಇಂಜಿನಿಯರಿಂಗ್ ಓದಿದ್ದು ಇಷ್ಟಕ್ಕಾದರೂ ಉಪಯೋಗಕ್ಕೆ ಬರಲಿ ಅಂತ :-)

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಮನೆಗೆ ಬಣ್ಣ ಹೊಡೆಸುವ ಕೆಲಸ ನನ್ನ ತಲೆಗೆ ಬಂತು. ಬಣ್ಣ ತಂದದ್ದು ಸೋದರಮಾವನ ಹಾರ್ಡ್‌ವೇರ್ ಅಂಗಡಿಯಲ್ಲೇ. ಬಿಲ್ಲು 18,000 ರೂಪಾಯಿ. ಮಾವ ಸ್ವೈಪ್ ಮಷಿನ್ ಹೊರಗೆ ತೆಗೆಯುತ್ತಿದ್ದ ಹಾಗೆ ನಾನು ಜಂಬದಿಂದ ಕಾರ್ಡು ಮುಂದೆ ಹಿಡಿದೆ. "ಮಾವ, ಇದರಲ್ಲಿ ಕೊಟ್ಟರೆ ನನಗೆ 180 ರೂಪಾಯಿ ವಾಪಸ್ ಬರುತ್ತೆ ಗೊತ್ತಾ?" ಅಂದೆ.

ಮಾವ ನಕ್ಕರು. "ಎಲ್ಲಿಂದ ಬರುತ್ತೋ ಅದು?"

"ಬ್ಯಾಂಕು ಕೊಡುತ್ತೆ."

"ಬ್ಯಾಂಕಿಗೆ ಯಾರು ಕೊಡ್ತಾರೆ?"

ನನ್ನ ಬಾಯಿ ಕಟ್ಟಿತು. ಮಾವನೇ ಲೆಕ್ಕ ಹೇಳಿದರು. ಅವರಿಗೆ ಬೀಳುವ ಕಡಿತ ನೂರಕ್ಕೆ ಎರಡು, ಅಂದರೆ 360 ರೂಪಾಯಿ. ಅದರ ಮೇಲೆ 18 ಶೇಕಡಾ ಜಿಎಸ್‌ಟಿ. ಒಟ್ಟು ಸುಮಾರು 425. ಅದರಲ್ಲಿ ನನಗೆ ಬಂದದ್ದು 180. ಉಳಿದದ್ದು ತೆರಿಗೆಗೆ, ಬ್ಯಾಂಕುಗಳಿಗೆ, ಕಾರ್ಡ್ ಕಂಪನಿಗೆ. "ನನ್ನ ಗಲ್ಲಾದಿಂದ ತೆಗೆದು ನಿನ್ನ ಜೇಬಿಗೆ ಹಾಕಿದಾರೆ. ನಡುವೆ ಕೂತೋರು ಊಟ ಮಾಡಿದಾರೆ" ಅಂದರು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ!

ಆವತ್ತಿನಿಂದ ನನಗೆ ಹುಳ ಹೊಕ್ಕಿತು. ಈ ಪಾಯಿಂಟ್ ಅನ್ನುವ ಪದಾರ್ಥ ಎಲ್ಲಿ ಹುಟ್ಟಿತು? ಹುಡುಕುತ್ತಾ ಹೋದೆ. ಸಿಕ್ಕ ಕಥೆ ಸ್ವಾರಸ್ಯವಾಗಿದೆ.

ನಮ್ಮಲ್ಲಿ ಹೂವಿನವಳು ಮೊಳ ಹಾಕಿ ಕೊಟ್ಟ ಮೇಲೆ ಅಜ್ಜಿ "ಸ್ವಲ್ಪ ಕೊಸರು ಹಾಕಮ್ಮ" ಅನ್ನುತ್ತಿದ್ದರಲ್ಲ, ಮೂಲದಲ್ಲಿ ಇದೂ ಅದೇ. ವ್ಯತ್ಯಾಸ ಒಂದೇ: ಹೂವಿನವಳ ಕೊಸರು ಅವಳ ಬುಟ್ಟಿಯಿಂದಲೇ, ಆಗಲೇ ಬರುತ್ತದೆ. ಅಮೆರಿಕದಲ್ಲಿ ಕೊಸರು ಕೊಡುವುದಕ್ಕೇ ಬೇರೆ ಕಂಪನಿ ಹುಟ್ಟಿತು. 1896ರಲ್ಲಿ ಥಾಮಸ್ ಸ್ಪೆರ್ರಿ ಮತ್ತು ಶೆಲ್ಲಿ ಹಚಿನ್ಸನ್ ಅನ್ನುವ ಇಬ್ಬರು ಸೇರಿ 'ಎಸ್ ಅಂಡ್ ಎಚ್' ಹಸಿರು ಸ್ಟ್ಯಾಂಪು ಶುರು ಮಾಡಿದರು. ಅಂಗಡಿಯವರು ಈ ಚೀಟಿಗಳನ್ನು ಕಂಪನಿಯಿಂದ ದುಡ್ಡು ಕೊಟ್ಟು ಕೊಳ್ಳಬೇಕು. ಗಿರಾಕಿ ಮಾಡಿದ ಪ್ರತಿ ಹತ್ತು ಸೆಂಟಿನ ವ್ಯಾಪಾರಕ್ಕೆ ಒಂದು ಚೀಟಿ ಕೊಡಬೇಕು. ಗಿರಾಕಿ ಅದನ್ನು ನಾಲಿಗೆಗೆ ಒತ್ತಿ ಪುಸ್ತಕಕ್ಕೆ ಅಂಟಿಸಬೇಕು. ಪುಸ್ತಕ ತುಂಬಲು 1,200 ಚೀಟಿ, ಅಂದರೆ 120 ಡಾಲರ್ ವ್ಯಾಪಾರ. ಪುಸ್ತಕಗಳು ತುಂಬಿದ ಮೇಲೆ ಕಂಪನಿಯ ಮಳಿಗೆಗೆ ಹೋಗಿ ಟೋಸ್ಟರ್, ದೀಪ, ಹೊದಿಕೆ ಏನಾದರೂ ತರಬಹುದು.

1960ರ ದಶಕದಲ್ಲಿ ಈ ಹುಚ್ಚು ಎಷ್ಟಿತ್ತೆಂದರೆ, ಅಮೆರಿಕದ ಅಂಚೆ ಇಲಾಖೆ ಮುದ್ರಿಸುವುದರ ಮೂರು ಪಟ್ಟು ಸ್ಟ್ಯಾಂಪು ನಾವು ಮುದ್ರಿಸುತ್ತೇವೆ ಅಂತ ಆ ಕಂಪನಿ ಹೇಳಿಕೊಳ್ಳುತ್ತಿತ್ತು. ಆಂಡಿ ವಾರ್ಹಾಲ್ 1962ರಲ್ಲಿ ಈ ಚೀಟಿಗಳದೇ ಚಿತ್ರ ಬರೆದ.

ಇಲ್ಲಿ ಗಮನಿಸಬೇಕಾದದ್ದು ಎರಡು. ಅಂಗಡಿಯವನಿಗೆ ಈ ಚೀಟಿಗಳ ಖರ್ಚು ಮಾರಾಟದ ಸುಮಾರು ಎರಡು ಶೇಕಡಾ. ನಮ್ಮ ಮಾವನ ಲೆಕ್ಕವೇ! ಇನ್ನೊಂದು, ಚೀಟಿಯ ದುಡ್ಡು ಕಂಪನಿಗೆ ಮೊದಲೇ ಬರುತ್ತದೆ, ಟೋಸ್ಟರ್ ಕೊಡುವುದು ಆಮೇಲೆ. ಅಷ್ಟರಲ್ಲಿ ಒಂದಿಷ್ಟು ಜನ ಪುಸ್ತಕ ಕಳೆದುಕೊಂಡಿರುತ್ತಾರೆ, ಇನ್ನೊಂದಿಷ್ಟು ಜನ ಮರೆತಿರುತ್ತಾರೆ. ಅಷ್ಟೂ ಲಾಭ.

ಊರಿನಲ್ಲಿ ಒಂದೇ ಅಂಗಡಿ ಚೀಟಿ ಕೊಟ್ಟರೆ ಅದಕ್ಕೆ ಗಿರಾಕಿ ಹೆಚ್ಚುತ್ತಾರೆ. ಎಲ್ಲರೂ ಕೊಡಲು ಶುರು ಮಾಡಿದರೆ ಯಾರಿಗೂ ಹೆಚ್ಚುವುದಿಲ್ಲ, ಎಲ್ಲರ ಖರ್ಚು ಮಾತ್ರ ಏರುತ್ತದೆ. ಬ್ರಿಟನ್ನಿನಲ್ಲಿ ರಿಚರ್ಡ್ ಟಾಂಪ್ಕಿನ್ಸ್ 1958ರಲ್ಲಿ ಶುರು ಮಾಡಿದ ಗ್ರೀನ್ ಶೀಲ್ಡ್ ಸ್ಟ್ಯಾಂಪಿನ ದೊಡ್ಡ ಗಿರಾಕಿ ಟೆಸ್ಕೊ. 1977ರಲ್ಲಿ ಟೆಸ್ಕೊ ಧೈರ್ಯ ಮಾಡಿ ಸ್ಟ್ಯಾಂಪು ಕೈಬಿಟ್ಟಿತು, ಉಳಿದ ದುಡ್ಡಿನಲ್ಲಿ ಬೆಲೆ ಇಳಿಸಿತು. ಜನ ಮುಗಿಬಿದ್ದರು. ಕೊಸರಿಗಿಂತ ಕಡಿಮೆ ಬೆಲೆಯೇ ವಾಸಿ ಅಂತ ಅವರಿಗೆ ಅರ್ಥವಾಗಿತ್ತು.

ಹಾಗಾದರೆ ಕಥೆ ಮುಗಿಯಿತಾ? ಇಲ್ಲ. ಅಂಟು ಚೀಟಿ ಸತ್ತಿತು, ಕಂಪ್ಯೂಟರ್ ಬಂತು.

1978ರಲ್ಲಿ ಅಮೆರಿಕ ಸರ್ಕಾರ ವಿಮಾನ ದರಗಳ ಮೇಲಿನ ಹಿಡಿತ ಬಿಡುವ ಕಾನೂನು ತಂದಿತು. ಕಂಪನಿಗಳ ನಡುವೆ ಬೆಲೆ ಯುದ್ಧ ಶುರುವಾಯಿತು. ಪದೇ ಪದೇ ಹಾರುವ ಗಿರಾಕಿಯನ್ನು ಕಟ್ಟಿಹಾಕುವುದು ಹೇಗೆ? ಅಮೆರಿಕನ್ ಏರ್‌ಲೈನ್ಸ್ ಬಳಿ ಸೇಬರ್ ಅನ್ನುವ ಬುಕಿಂಗ್ ಸಾಫ್ಟ್‌ವೇರ್ ಇತ್ತು. ಅದರಲ್ಲಿ ಒಂದೇ ಫೋನ್ ನಂಬರ್ ಎಷ್ಟು ಸಲ ಬಂದಿದೆ ಅಂತ ಹುಡುಕಿ ಒಳ್ಳೆಯ ಗಿರಾಕಿಗಳ ಪಟ್ಟಿ ಮಾಡಿದರು. (ನಮ್ಮ ಭಾಷೆಯಲ್ಲಿ ಒಂದು 'ಗ್ರೂಪ್ ಬೈ' ಕ್ವೆರಿ ಅಷ್ಟೇ! ಅದರಿಂದ ಇಷ್ಟು ದೊಡ್ಡ ಉದ್ಯಮ ಹುಟ್ಟಿತು ಅಂದರೆ ನಂಬಲಾಗುವುದಿಲ್ಲ.) 1981ರ ಮೇ 1ರಂದು ಅವರ 'ಅಡ್ವಾಂಟೇಜ್' ಯೋಜನೆ ಶುರುವಾಯಿತು. ಅದೇ ತಿಂಗಳು ಯುನೈಟೆಡ್ ಕೂಡ ಹಿಂದೆಯೇ ಬಂತು. ಮತ್ತೆ ಅದೇ ಹಸಿರು ಚೀಟಿಯ ಪೈಪೋಟಿ.

ಇನ್ನೊಂದು ಕಡೆ ಕಾರ್ಡು ಬೆಳೆಯುತ್ತಿತ್ತು. 1950ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಡೈನರ್ಸ್ ಕ್ಲಬ್ ಹೋಟೆಲಿನವರಿಂದ ನೂರಕ್ಕೆ ಏಳು ಡಾಲರ್ ಹಿಡಿದುಕೊಳ್ಳುತ್ತಿತ್ತು. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಫ್ರೆಸ್ನೊ ಅನ್ನುವ ಊರಿನಲ್ಲಿ, ಯಾರೂ ಕೇಳದೆಯೇ, ಸುಮಾರು 60,000 ಜನರಿಗೆ ಅಂಚೆಯಲ್ಲಿ ಕಾರ್ಡು ಕಳಿಸಿತು. ಇವತ್ತಿನ ವೀಸಾದ ಮೂಲ ಅದೇ. ಕೊಸರು ಮಾತ್ರ ತಡವಾಗಿ ಬಂತು. 1980ರ ದಶಕದ ಮಧ್ಯದಲ್ಲಿ ಬಂದ ಡಿಸ್ಕವರ್ ಕಾರ್ಡು ಖರ್ಚಿನ ಒಂದಂಶವನ್ನು ನಗದಾಗಿ ಹಿಂದಿರುಗಿಸಿತು. 1987ರಲ್ಲಿ ಸಿಟಿಬ್ಯಾಂಕ್ ಅಮೆರಿಕನ್ ಏರ್‌ಲೈನ್ಸ್ ಜೊತೆ ಸೇರಿ ಮೈಲಿ ಕೊಡುವ ಕಾರ್ಡು ತಂದಿತು. ಅಲ್ಲಿಂದ ಮುಂದೆ ವಿಮಾನ ಹತ್ತದೆಯೇ ಮೈಲಿ ಗಳಿಸಬಹುದಾಯಿತು. ಬ್ಯಾಂಕು ದುಡ್ಡು ಕೊಟ್ಟು ಮೈಲಿ ಕೊಳ್ಳುತ್ತದೆ, ಆ ದುಡ್ಡು ಅಂಗಡಿಯವನ ಕಡಿತದಿಂದ ಬರುತ್ತದೆ.

ನನ್ನಂಥ ಲೆಕ್ಕಾಚಾರದವರೂ ಆಗಲೇ ಹುಟ್ಟಿಕೊಂಡರು. 1999ರಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ಸಿವಿಲ್ ಇಂಜಿನಿಯರ್ ಒಂದು ತಿನಿಸಿನ ಕಂಪನಿಯ ಕೊಡುಗೆಯಲ್ಲಿ ತೂತು ಕಂಡುಹಿಡಿದ. ಸುಮಾರು 3,140 ಡಾಲರ್ ಕೊಟ್ಟು 12,150 ಪುಡ್ಡಿಂಗ್ ಕಪ್ ಕೊಂಡ, ಲೇಬಲ್ ಕಿತ್ತು ಕಳಿಸಿದ, ಹನ್ನೆರಡು ಲಕ್ಷಕ್ಕೂ ಹೆಚ್ಚು ಮೈಲಿ ಪಡೆದ. ಪುಡ್ಡಿಂಗನ್ನು ದಾನ ಕೊಟ್ಟ! 2008ರಿಂದ ಅಮೆರಿಕದ ಟಂಕಸಾಲೆ ಒಂದು ಡಾಲರ್ ನಾಣ್ಯಗಳನ್ನು ಮುಖಬೆಲೆಗೇ, ಸಾಗಣೆ ಖರ್ಚಿಲ್ಲದೆ, ಮನೆಗೆ ಕಳಿಸುತ್ತಿತ್ತು. ಜನ ಕಾರ್ಡಿನಲ್ಲಿ ನಾಣ್ಯ ಕೊಂಡು, ಪಾಯಿಂಟ್ ಪಡೆದು, ಅದೇ ನಾಣ್ಯವನ್ನು ಬ್ಯಾಂಕಿಗೆ ತುಂಬಿ ಬಿಲ್ಲು ಕಟ್ಟಿದರು. 2011ರಲ್ಲಿ ಟಂಕಸಾಲೆ ಕಾರ್ಡು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು.

ಓದಲು ಮಜಾ. ಆದರೆ ಈ ಆಟದಲ್ಲಿ ಸೋಲುವವರು ಯಾರು? ಕಡಿತದ ಖರ್ಚನ್ನು ಅಂಗಡಿಯವನು ಎಲ್ಲರ ಬೆಲೆಗೂ ಹಂಚುತ್ತಾನೆ. ನಗದು ಕೊಡುವವನೂ ಅದೇ ಬೆಲೆ ಕೊಡುತ್ತಾನೆ, ಕೊಸರು ಮಾತ್ರ ಸಿಗುವುದಿಲ್ಲ. ಬಾಸ್ಟನ್ನಿನ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಇದನ್ನು ಲೆಕ್ಕ ಹಾಕಿದರು. ನಗದು ಬಳಸುವ ಒಂದು ಕುಟುಂಬ ವರ್ಷಕ್ಕೆ ಸರಾಸರಿ 149 ಡಾಲರ್ ಕಳೆದುಕೊಳ್ಳುತ್ತದೆ, ಕಾರ್ಡು ಬಳಸುವ ಕುಟುಂಬಕ್ಕೆ 1,133 ಡಾಲರ್ ಸೇರುತ್ತದೆ. ಬಡವರಿಂದ ಉಳ್ಳವರ ಕಡೆಗೆ ಹರಿಯುವ ನೀರು. ಐರೋಪ್ಯ ಒಕ್ಕೂಟ 2015ರಲ್ಲಿ ಬ್ಯಾಂಕುಗಳ ನಡುವಿನ ಕ್ರೆಡಿಟ್ ಕಾರ್ಡು ಶುಲ್ಕಕ್ಕೆ 0.3 ಶೇಕಡಾ ಮಿತಿ ಹಾಕಿತು. ಬಾವಿಯೇ ಬತ್ತಿದ ಮೇಲೆ ಪಾಯಿಂಟ್ ಎಲ್ಲಿಂದ ಬರಬೇಕು?

ನಮ್ಮಲ್ಲಿ ಪಾಯಿಂಟ್ ಇಟ್ಟುಕೊಂಡವರ ಪಾಡು ಬೇರೆ ಥರ. ವಿಜಯ್ ಮಲ್ಯರ ಕಿಂಗ್‌ಫಿಶರ್ 2012ರ ಅಕ್ಟೋಬರಿನಲ್ಲಿ ನೆಲಕ್ಕಿಳಿದಾಗ ಅದರ 'ಕಿಂಗ್ ಕ್ಲಬ್' ಮೈಲಿಗಳಿಂದ ಹಾರಲು ವಿಮಾನವೇ ಉಳಿಯಲಿಲ್ಲ. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿತು. ಆದರೆ ಅದರ ಜೆಟ್‌ಪ್ರಿವಿಲೇಜ್ ಬೇರೆಯೇ ಕಂಪನಿಯಾಗಿದ್ದರಿಂದ 'ಇಂಟರ್‌ಮೈಲ್ಸ್' ಅಂತ ಹೆಸರು ಬದಲಿಸಿಕೊಂಡು ಬದುಕಿತು. 2024ರ ನವೆಂಬರಿನಲ್ಲಿ ವಿಸ್ತಾರಾ ಏರ್ ಇಂಡಿಯಾದಲ್ಲಿ ವಿಲೀನವಾದಾಗ ಅದರ ಪಾಯಿಂಟುಗಳೂ ಜೊತೆಗೇ ಹೋದವು. ಮೂರು ಕಂಪನಿ, ಮೂರು ಗತಿ. ಗಿರಾಕಿಯನ್ನು ಯಾರೂ ಕೇಳಲಿಲ್ಲ.

ನನ್ನದೇ ಕಥೆ ಕೇಳಿ. ಅಪ್ಪ ಅಮ್ಮನನ್ನು ಕಾಶಿಗೆ ವಿಮಾನದಲ್ಲಿ ಕಳಿಸಬೇಕು, ಪೂರ್ತಿ ಪಾಯಿಂಟಿನಲ್ಲೇ ಕಳಿಸಬೇಕು ಅಂತ ಎರಡು ವರ್ಷ 42,000 ಪಾಯಿಂಟ್ ಕೂಡಿಟ್ಟಿದ್ದೆ. ಒಂದಕ್ಕೆ ಐವತ್ತು ಪೈಸೆಯಂತೆ 21,000 ರೂಪಾಯಿ. ಇನ್ನು ಸ್ವಲ್ಪ ಆಗಲಿ ಅಂತ ಕಾಯುತ್ತಿದ್ದಾಗ ಬ್ಯಾಂಕಿನಿಂದ ಒಂದು ಈಮೇಲ್. ಮುಂದಿನ ತಿಂಗಳಿಂದ ಒಂದಕ್ಕೆ ಮೂವತ್ತು ಪೈಸೆ! ನಾನು ಆ ಈಮೇಲ್ ನೋಡಿದ್ದು ತಿಂಗಳು ಕಳೆದ ಮೇಲೆ. 21,000 ಇದ್ದದ್ದು 12,600 ಆಯಿತು. ಅಮ್ಮನಿಗೆ ಹೇಳಿದರೆ, "ಅದಕ್ಕೆ ಎರಡು ವರ್ಷ ಕಾಯಿಸಿದ್ಯಾ?" ಅಂದರು. ಉತ್ತರ ಇರಲಿಲ್ಲ.

ಬ್ಯಾಂಕು ನಿಯಮ ಮುರಿಯಲಿಲ್ಲ, ನಿಯಮವೇ ಹಾಗಿತ್ತು. ಪಾಯಿಂಟ್ ಅಂದರೆ ಅವರೇ ಅಚ್ಚು ಹಾಕುವ, ಅವರೇ ಬೆಲೆ ಕಟ್ಟುವ ನೋಟು. ಡೆಲ್ಟಾ ಏರ್‌ಲೈನ್ಸ್ 2015ರಲ್ಲಿ ಎಷ್ಟು ಮೈಲಿಗೆ ಯಾವ ಟಿಕೆಟ್ ಅನ್ನುವ ಪಟ್ಟಿಯನ್ನೇ ತೆಗೆದುಹಾಕಿತು. ಅದೇ ಮೈಲಿ ಯೋಜನೆಗಳು ಕಂಪನಿಗಳಿಗೆ ಮಾತ್ರ ಗಟ್ಟಿ ಆಸ್ತಿ: ಕೋವಿಡ್ ಕಾಲದಲ್ಲಿ ಯುನೈಟೆಡ್ ತನ್ನ ಯೋಜನೆಯನ್ನು ಅಡವಿಟ್ಟು 680 ಕೋಟಿ ಡಾಲರ್, ಅಮೆರಿಕನ್ 1,000 ಕೋಟಿ ಡಾಲರ್ ಸಾಲ ಎತ್ತಿದವು.

ಇಷ್ಟೆಲ್ಲ ಓದಿದ ಮೇಲೆ ನನ್ನ ಎಕ್ಸೆಲ್ ಶೀಟ್ ನಾಲ್ಕು ಸಾಲಿಗೆ ಇಳಿಯಿತು:

1. ಪ್ರತಿ ತಿಂಗಳು ಪೂರ್ತಿ ಬಿಲ್ಲು ಕಟ್ಟು. ಕೊಸರು ನೂರಕ್ಕೆ ಒಂದೋ ಎರಡೋ, ಬಾಕಿ ಇಟ್ಟರೆ ಬಡ್ಡಿ ತಿಂಗಳಿಗೇ ಮೂರರ ಮೇಲೆ.
2. ಪಾಯಿಂಟಿಗೋಸ್ಕರ ಏನನ್ನೂ ಕೊಳ್ಳಬೇಡ.
3. ಒಂದು ಪಾಯಿಂಟಿಗೆ ಎಷ್ಟು ಪೈಸೆ ಅಂತ ಮೊದಲು ಭಾಗಿಸಿ ನೋಡು. ಅದೇ ಪಾಯಿಂಟಿಗೆ ಮಿಕ್ಸಿ ತೆಗೆದುಕೊಂಡರೆ ಒಂದು ಬೆಲೆ, ಟಿಕೆಟ್ ತೆಗೆದುಕೊಂಡರೆ ಇನ್ನೊಂದು.
4. ಕೂಡಿಡಬೇಡ. ಬಂದ ಹಾಗೆ ಖರ್ಚು ಮಾಡು.

ಉಳಿದ ಪಾಯಿಂಟಿಗೆ ಕೈಯಿಂದ ದುಡ್ಡು ಸೇರಿಸಿ ಟಿಕೆಟ್ ಮಾಡಿಸಿದೆ. ಅಪ್ಪ ಅಮ್ಮ ಕಾಶಿಗೆ ಹೋಗಿ ಬಂದರು. ಅಮ್ಮನಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು.

ಮೊನ್ನೆ ಗೇಟಿಗೆ ಬಣ್ಣ ಬೇಕಾಗಿ ಮತ್ತೆ ಮಾವನ ಅಂಗಡಿಗೆ ಹೋಗಿದ್ದೆ. ಈ ಸಲ ಬ್ಯಾಂಕ್ ಖಾತೆಯಿಂದ ಯುಪಿಐ ಮಾಡಿದೆ. ಅದಕ್ಕೆ ಅಂಗಡಿಯವರ ಕಡಿತವನ್ನು 2020ರ ಜನವರಿಯಿಂದ ಸರ್ಕಾರ ಶೂನ್ಯ ಮಾಡಿದೆ. ನನಗೆ ಪಾಯಿಂಟೂ ಬರಲಿಲ್ಲ. ಮಾವ ಮೊಬೈಲ್ ನೋಡಿ, ಏನೂ ಮಾತಾಡದೆ, ಬಿಲ್ಲಿಗೆ ಸೇರಿಸದೆ ಒಂದು ಬ್ರಷ್ ತೆಗೆದು ಡಬ್ಬದ ಮೇಲಿಟ್ಟರು.

ಕೊಸರು ಅಂದರೆ ಅದು :-)